ಕಂಪ್ಯೂಟರಿನಲ್ಲಿ ಹಚ್ಚೆ ಬರೆದ ಮಿಸ್

ಯಶಸ್, ಸಿಂಚನ, ಇಬ್ಬರೂ ಪಕ್ಕಪಕ್ಕ ಕೂತು ಓದಿ. ಹೋದ ವಾರ ಯಶಸ್ ಫೋನಿನಲ್ಲಿ, ಕಾಲೇಜಿನ ಕೆಲಸಕ್ಕೆಂದು ಕಂಪ್ಯೂಟರಿನ ಪೈಥಾನಿಗೆ ಏನನ್ನೋ ಸೇರಿಸಿದ್ದೇನೆ, ಸೇರಿಸಿದರೂ ಅದು ಇಲ್ಲ ಇಲ್ಲ ಎನ್ನುತ್ತದೆ ಎಂದು ಗೊಣಗುತ್ತಿದ್ದ. ನಾನು ಸುಮ್ಮನಿರಲಾರದೆ "ಯಾವ ಪೈಥಾನಿಗೆ ಹಾಕ್ದೆ ಮಗ? ಎರಡು ಅವೆಯೇನೋ ನೋಡು" ಎಂದೆ. ಆ ಕಡೆ ಸಿಂಚನ ಅವನ ಫೋನು ಕಿತ್ತುಕೊಂಡು "ಅಜ್ಜೀ, ಏನಂದೆ ನೀನು?" ಎಂದು ಕಿರುಚಿದಳು. ನನಗೆ ನಾಚಿಕೆಯಾಗಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಇಟ್ಟುಬಿಟ್ಟೆ.

ಹಾಲೂ ಇರಲಿಲ್ಲ, ಒಲೆಯೂ ಹತ್ತಿರಲಿಲ್ಲ. ಕಂಪ್ಯೂಟರಿನ ವಿಚಾರದಲ್ಲಿ ನನಗೆ ಗೊತ್ತಿರುವುದು ಅದೊಂದೇ ಮಾತು. ಅದನ್ನು ನನಗೆ ಕೊಟ್ಟವರು ಪಕ್ಕದ ಮನೆಯಲ್ಲಿದ್ದ ಮಿಸ್. ಅವರು ಹೋಗಿ ವರ್ಷವಾಗುತ್ತ ಬಂತು. ಬಾಯಲ್ಲಿ ಹೇಳಹೊರಟರೆ ನನ್ನ ಮಾತು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. "ನಮ್ಮ ಸಾಕಮ್ಮನ ಮಾತು ನಮ್ಮೂರ ಬಸ್ಸಿದ್ದಂಗೆ, ಬಂದ್ರೆ ಬಂತು, ಇಲ್ದಿದ್ರೆ ಇಲ್ಲ" ಎಂದು ನಿಮ್ಮ ತಾತ ಹೇಳುತ್ತಿದ್ದರು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ದೊಡ್ಡವರಿಗೂ ಮಕ್ಕಳಿಗೂ ಅವರು ಮಿಸ್ಸೇ. ಹಾಲು ಹಾಕುವವನು "ಮಿಸ್ಸೋ!" ಎಂದು ಬೀದಿಯ ತುದಿಯಿಂದಲೇ ಕೂಗುತ್ತಿದ್ದ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದವರು. ನಮ್ಮ ಕಂಪಲಾಪುರದ ಕಡೆಗೆ ವರ್ಗವಾಗಿ ಬಂದವರು ರಿಟೈರಾದ ಮೇಲೂ ಇಲ್ಲೇ ಉಳಿದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಶೇಷ ಉಳೀಲಿಲ್ಲ ಕಣ್ರೀ, ಎಲ್ಲ ಭಾಗ ಆಗೋಯ್ತು" ಎಂದು ತಾವೇ ಮೊದಲು ನಗುತ್ತಿದ್ದರು. ನಗು ಬಂದ ಮೇಲೆ ಜೋಕು ಬರುತ್ತಿತ್ತು ಅವರಿಗೆ, ಉಳಿದವರ ಹಾಗೆ ಜೋಕು ಬಂದ ಮೇಲೆ ನಗುವಲ್ಲ.

ತುರುಬಿನಲ್ಲಿ ಒಂದು ಸೀಮೆಸುಣ್ಣ ಸಿಕ್ಕಿಸಿಕೊಳ್ಳುವ ಅಭ್ಯಾಸ. ರಿಟೈರಾದ ಮೇಲೆ ಅದೇ ಜಾಗಕ್ಕೆ ಪೆನ್ನು ಬಂತು. ಕಪ್ಪು ದಾರದಲ್ಲಿ ಪೆನ್‌ಡ್ರೈವ್ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಅದು ಯಾವ ದೇವರ ತಾಯಿತ ಎಂದು ಎದುರು ಮನೆಯ ರಾಜಮ್ಮ ಬಹಳ ದಿನ ವಿಚಾರಿಸಿದಳು. ಮೊಪೆಡ್ಡಿನಲ್ಲಿ ಹೋಗುವಾಗ ಹಾರನ್ನಿನ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. "ಈ ಕೋಳಿಗಳೂ ನನ್ನ ಹತ್ರ ಓದಿದವೇ ಇರ್ಬೇಕು, ಒಂದ್ಸಲ ಹೇಳಿದ್ರೆ ಕೇಳಲ್ಲ" ಎನ್ನುತ್ತಿದ್ದರು. ಲೆಕ್ಕ ಬಾರದ ಹುಡುಗರಿಗೆ ಅವರ ಬೈಗುಳ ಒಂದೇ: "ತಲೇಲಿ ಏನೈತ್ಲಾ, ಹೊಗೆಸೊಪ್ಪಿನ ಬ್ಯಾರನ್ ಬೂದಿನಾ?" ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಮನೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಬೈಸಿಕೊಂಡವರೇ ಮುಂದೆ ದೊಡ್ಡವರಾಗಿ ತಮ್ಮ ಮಕ್ಕಳನ್ನು ಅದೇ ಮಾತಿನಲ್ಲಿ ಬೈದರು.

ಅವರ ಹೆಸರುವಾಸಿಯೆಲ್ಲ ಒಂದು ವೃತ್ತದ್ದು. ಕೈವಾರ ಇಲ್ಲದೆ, ಬೋರ್ಡಿನ ಮೇಲೆ ತೋಳನ್ನು ಒಂದು ಸುತ್ತು ತಿರುಗಿಸಿದರೆ ಮುಗಿಯಿತು, ರೊಟ್ಟಿಹಂಚು ಇಟ್ಟು ಗೆರೆ ಎಳೆದ ಹಾಗೆ ವೃತ್ತ. ನಿಮ್ಮಪ್ಪ ಶಾಲೆಯಿಂದ ಬಂದು ಗೋಡೆಯ ಮೇಲೆಲ್ಲ ಹಾಗೆ ಬರೆಯಲು ಹೋಗಿ ನನ್ನ ಸುಣ್ಣ ಹಾಳುಮಾಡಿದ್ದ, ಒಂದೂ ವೃತ್ತವಾಗಿರಲಿಲ್ಲ, ಎಲ್ಲ ಬದನೆಕಾಯಿ.

ಆ ಕೈ ರಿಟೈರಾದ ಕೆಲವೇ ವರ್ಷಕ್ಕೆ ನಡುಗತೊಡಗಿತು. ಕಾಫಿ ಲೋಟ ಹಿಡಿದರೆ ತಟ್ಟೆಯ ಮೇಲೆ ಟಕಟಕ ಸದ್ದು. ಅದಕ್ಕೂ ಅವರದು ತಮಾಷೆಯೇ, "ಬಲಗೈಗೆ ಕುಣಿಯೋ ಆಸೆ ಬಂದದೆ, ವಯಸ್ಸಲ್ಲಿ ಬುಡ್ಲಿಲ್ವಲ್ಲ ಪಾಪ." ಆದರೆ ಬ್ಯಾಂಕಿನಲ್ಲಿ ಸಹಿ ಹಾಕಿ ಬಂದ ದಿನ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಗೆರೆ ಎಳೆಯಲು ಬಾರದ ಮೇಲೆ ಕೀಲಿ ಒತ್ತಿಯಾದರೂ ಬರೆಯೋಣ ಎಂದು, ಊರವರೆಲ್ಲ ಸೀರಿಯಲ್ಲು ನೋಡುವ ಹೊತ್ತಿನಲ್ಲಿ ಫೋನಿನಲ್ಲಿ ಪಾಠ ಕೇಳಿಕೊಂಡು ಪೈಥಾನ್ ಕಲಿತರು. ಅದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಅದರಲ್ಲಿ ಮಗ್ಗಿ ಬರೆಸುತ್ತಿದ್ದರು. ಪರದೆಯಲ್ಲಿ ಕೆಂಪು ಅಕ್ಷರ ಬಂದು ಮಕ್ಕಳು ಹೆದರಿದರೆ ಹೇಳುತ್ತಿದ್ದರು, "ಎರರ್ ಅಂದ್ರೆ ಬೈಗುಳ ಅಲ್ಲ ಕಣ್ರೋ, ವಿಳಾಸ. ತಪ್ಪು ಯಾವ ಮನೇಲಿ ಕೂತದೆ ಅಂತ ಅದೇ ಹೇಳ್ತದೆ, ಓದ್ರಿ."

ಇನ್ನು ನನ್ನ ಕೈಯ ವಿಚಾರಕ್ಕೆ ಬರುತ್ತೇನೆ. ನನ್ನ ಎಡಗೈಯ ಒಳಮೈಯಲ್ಲಿ ಹಚ್ಚೆ ಇರುವುದು ನಿಮಗೆ ಗೊತ್ತು. ನಡುವೆ ತೊಟ್ಟಿಲು, ಸುತ್ತ ಚುಕ್ಕಿ, ಕೆಳಗೆ ಚಕ್ಕುಲಿ. ನನ್ನ ತವರು ಸರಗೂರಿನ ಕಡೆಯಲ್ಲವೇ, ಅಲ್ಲಿ ಹಚ್ಚೆ ಹುಯ್ಯುವವಳು ಒಬ್ಬಳು ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ, ಹಾಡು ಹೇಳುತ್ತ ಸೂಜಿ ಚುಚ್ಚುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ನನಗೆ ಅದು ಹಳ್ಳಿ ಗುರುತು ಎನ್ನಿಸಿ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲಿಂದ ಮಿಸ್‌ಗೆ ಹುರುಳಿ ಬಸ್ಸಾರಿನ ಬಟ್ಟಲು ಕೊಡುತ್ತಿದ್ದೆ. ಸೆರಗು ಜಾರಿತು. ಅವರು ಬಟ್ಟಲು ಬಿಟ್ಟು ನನ್ನ ಕೈ ಹಿಡಿದರು. ಬಸ್ಸಾರು ಗೋಡೆಯ ಆಚೆ ಅರ್ಧ, ಈಚೆ ಅರ್ಧ.

"ಅಲ್ಲಾಡ್ಬ್ಯಾಡಿ ಸಾಕಮ್ನೋರೆ!"

"ಮಿಸ್, ಸಾರು..."

"ಸಾರು ಹಾಳಾಗೋಗ್ಲಿ. ಈ ತೊಟ್ಟಿಲು ನಮ್ಮವ್ವನ್ದು!"

ಅವರ ಊರೂ ಸರಗೂರಿನ ಹತ್ತಿರವೇ ಎಂದು ಅಂದು ತಿಳಿಯಿತು. ಅವರ ಅವ್ವನಿಗೂ ಅದೇ ಹೆಂಗಸು ಹುಯ್ದಿದ್ದಳು, ಅದೇ ತೊಟ್ಟಿಲು, ಅದೇ ಚಕ್ಕುಲಿ. ಗೋಡೆಯ ಆಚೆ ಈಚೆ ನಿಂತೇ ಕತೆ ಹೇಳಿದರು. ಇವರು ಹುಡುಗಿಯಾಗಿದ್ದಾಗ ಹಚ್ಚೆಯವಳು ಮನೆಗೆ ಬಂದರೆ, ಸೂಜಿ ಕಂಡು ಓಡಿಹೋಗಿ ಹುಣಸೇಮರ ಹತ್ತಿ ಕೂತಿದ್ದರಂತೆ. ಅವ್ವ ಕೆಳಗೆ ನಿಂತು ಕರೆದರಂತೆ, ಬೆಲ್ಲ ತೋರಿಸಿದರಂತೆ. ಇಳಿಯಲಿಲ್ಲ. ಹಚ್ಚೆಯವಳು ಹೊರಟುಹೋದ ಮೇಲೆ ಅವ್ವ ಹೇಳಿದ್ದು ಇಷ್ಟು: "ಅಲ್ಲ ಕಣೆ, ಸತ್ಮೇಲೆ ಓಲೆನೂ ಬರಲ್ಲ, ಬಳೆನೂ ಬರಲ್ಲ, ಹಚ್ಚೆ ಒಂದೇ ಜೊತೇಲಿ ಬರೋದು. ನಾಳೆ ನೀನು ಅಲ್ಲಿಗೆ ಬಂದಾಗ ನಿನ್ನ ಎಂಗೆ ಗುರ್ತು ಹಿಡೀಲಿ ನಾನು?"

"ನೀವು ಅದ್ನೆಲ್ಲ ನಂಬ್ತೀರಾ ಮಿಸ್?" ಎಂದೆ.

"ನಾನು ನಂಬಲ್ಲ" ಎಂದರು. ಆಮೇಲೆ ನನ್ನ ಕೈ ನೋಡುತ್ತ, "ಆದ್ರೆ ನಮ್ಮವ್ವ ನಂಬಿದ್ಳಲ್ಲ. ಅವಳ ಲೆಕ್ಕ ಸರಿಯಾಗಿ ನನ್ನ ಲೆಕ್ಕ ತಪ್ಪಾಗಿದ್ರೆ? ಅವಳು ಅಲ್ಲಿ ಬಂದೋರ ಕೈಯನ್ನೆಲ್ಲ ನೋಡ್ಕೊಂಡು ನಿಂತಿರ್ತಾಳೆ ಕಣ್ರೀ" ಎಂದರು. ಆಗ ಮಾತ್ರ ಅವರು ನಗಲಿಲ್ಲ.

ಮಾರನೆಯ ದಿನವೇ ನನ್ನನ್ನು ಹುಣಸೂರಿಗೆ ಹೊರಡಿಸಿದರು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಟ್ಯಾಟೂ ಅಂಗಡಿ. ಅಂಗಡಿಯವನ ಕುತ್ತಿಗೆಯ ಮೇಲೆ ಹುಲಿ. ಅವನು ಎಂಜಲು ನುಂಗಿದಾಗಲೆಲ್ಲ ಹುಲಿಯ ಬಾಯಿ ಅಲ್ಲಾಡುತ್ತಿತ್ತು. ನಾನು ಅದನ್ನೇ ನೋಡುತ್ತ ಬಾಗಿಲಲ್ಲಿ ನಿಂತೆ.

"ಯಾರಿಗಜ್ಜಿ? ಮೊಮ್ಮಗ ಬಂದವ್ನಾ?" ಎಂದ.

"ನಂಗೆ ಕಣಪ್ಪ" ಎಂದರು ಮಿಸ್.

ಅವನು ಚೇಳು, ಚಿಟ್ಟೆ, ರೆಕ್ಕೆಯ ಕುದುರೆ ಎಲ್ಲ ತೋರಿಸಿದ. ಮಿಸ್ ನನ್ನ ಕೈ ಎಳೆದು ಮೇಜಿನ ಮೇಲಿಟ್ಟು "ಇದು ಬೇಕು" ಎಂದರು. ಅವನು ಫೋನಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ನೋಡಿದ. ನನ್ನ ಹಚ್ಚೆ ನನ್ನ ಜೊತೆಗೇ ಮುದುಕಿಯಾಗಿತ್ತು, ಬಣ್ಣ ಹರಡಿ ಚುಕ್ಕಿ ಚುಕ್ಕಿ ಕೂಡಿಕೊಂಡಿದ್ದವು. "ಇದ್ರ ಮೇಲೆ ಆಗಲ್ಲ ಅಜ್ಜಿ. ಪೇಪರ್ ಮೇಲೆ ನೀಟಾಗಿ ಬರ್ಕೊಂಡು ಬನ್ನಿ, ಹಂಗೇ ಇಳಿಸ್ತೀನಿ. ನಾನೇ ಬರೆದ್ರೆ ನಿಮ್ಮವ್ವನ್ದು ಆಗಲ್ಲ, ನಂದಾಗ್ತದೆ" ಎಂದ. ಹುಲಿಯವನು ಸರಿಯಾದ ಮಾತೇ ಆಡಿದ.

ಬಸ್ಸಿನಲ್ಲಿ ನಾನು ಮೆಲ್ಲಗೆ "ರಂಗೋಲಿ ಬರೆದಂಗೆ ನಾನೇ ಬರ್ಕೊಡ್ಲಾ ಮಿಸ್?" ಎಂದೆ. ಅವರು ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದು, "ಬ್ಯಾಡಿ. ಮರದ ಮೇಲೆ ಕೂತಿದ್ದೋಳು ನಾನು, ನಾನೇ ಬರೀಬೇಕು. ಕೀಲಿ ಒತ್ತೋಕಿನ್ನೂ ಆಯ್ತದೆ, ಮುಂದಿನ ಯುಗಾದಿಗೆ ಎಂಗೋ ಏನೋ" ಎಂದರು.

ಮಗ್ಗಿ ಬರೆಯುವ ಪೈಥಾನಿಗೆ ಚಿತ್ರ ಬರೆಯಲು ಬರುವುದಿಲ್ಲವಂತೆ. ಅದಕ್ಕೆ ಗೆರೆ, ವೃತ್ತ, ಬಣ್ಣ ಎಲ್ಲ ಬಲ್ಲ ಇನ್ನೊಂದನ್ನು ತಂದು ಪಕ್ಕದಲ್ಲಿ ಕೂರಿಸಬೇಕು, ಅದರ ಹೆಸರು ಗ್ರಾಫಿಕ್ಸ್ ಲೈಬ್ರರಿ. "ಒಲೆ ಇರೋ ಮನೆಗೆ ಒರಳು ತಂದಂಗೆ. ಒಲೆ ಇದ್ದ ಮಾತ್ರಕ್ಕೆ ಚಟ್ನಿ ಆಯ್ತದಾ?" ಎಂದರು ಮಿಸ್. ತರುವುದೂ ನೆಟ್ಟಿನಿಂದಲೇ. ನಮ್ಮ ಬೀದಿಯಲ್ಲಿ ಅಂಥದ್ದನ್ನು ಇಳಿಸುವಷ್ಟು ಜೋರು ನೆಟ್‌ವರ್ಕ್ ಸಿಗುವ ಜಾಗ ಒಂದೇ, ನಮ್ಮ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಫೋನನ್ನು ಅಲ್ಲಿಟ್ಟು ಕಂಪ್ಯೂಟರನ್ನು ಕೆಳಗೆ ಇಟ್ಟರೆ ಅದಕ್ಕೆ ಫೋನಿನ ನೆಟ್ಟು ಸಿಗದು. ಹಾಗಾಗಿ ಕಂಪ್ಯೂಟರನ್ನೇ ಮೇಲೆ ಹೊತ್ತೆವು. ಪೆಟ್ಟಿಗೆಯನ್ನು ಮಿಸ್ ಎತ್ತಿಕೊಂಡರು, ಪರದೆಯನ್ನು ನಾನು ಕಂಬಳಿಯಲ್ಲಿ ಸುತ್ತಿ ಸೊಂಟದ ಮೇಲಿಟ್ಟುಕೊಂಡು ಮಗುವಿನ ಹಾಗೆ ಹತ್ತಿಸಿದೆ. ಮೇಲೆ ನನ್ನ ಸಂಡಿಗೆ ಒಣಗುತ್ತಿತ್ತು. ಸಂಡಿಗೆಯನ್ನು ಪಕ್ಕಕ್ಕೆ ಸರಿಸಿ, ಕೆಳಗಿನಿಂದ ವೈರು ಎಳೆದು ಎಲ್ಲ ಜೋಡಿಸಿದೆವು.

ರಾಜಮ್ಮ ಬೀದಿಯಿಂದ ಕೂಗಿದಳು, "ಏನ್ ಸಾಕಮ್ಮಕ್ಕ, ಟೀವಿ ಒಣಗಾಕ್ತಿದ್ದೀಯಾ?"

ನಾನು ಟ್ಯಾಂಕಿನ ಹಿಂದೆ ಸರಿದುಕೊಂಡೆ. ಮಿಸ್ ಬಗ್ಗಿ, "ಊಂ ಕಣವ್ವ! ಸೀರಿಯಲ್ನೋರ ಅಳು ಜಾಸ್ತಿಯಾಗಿ ಒಳಗೆಲ್ಲ ನೆಂದೋಗಿತ್ತು!" ಎಂದರು.

ರಾಜಮ್ಮ ನಕ್ಕು ನಕ್ಕು ಜಗುಲಿಯ ಮೇಲೆ ಕೂತುಬಿಟ್ಟಳು.

ಲೈಬ್ರರಿ ತಾ ಎಂದು ಮಿಸ್ ಅಪ್ಪಣೆ ಟೈಪು ಮಾಡಿದರು. ಬೆರಳು ನಡುಗಿ ಅಕ್ಷರಗಳು ಎರಡೆರಡು ಬೀಳುತ್ತಿದ್ದವು, ಅಳಿಸಿ ಅಳಿಸಿ ಬರೆದರು. ಪರದೆಯಲ್ಲಿ ಒಂದು ಗೆರೆ ಹುಳದ ಹಾಗೆ ತೆವಳಿ ತೆವಳಿ ಕೊನೆ ಮುಟ್ಟಿತು. ಯಶಸ್ವಿಯಾಗಿದೆ ಎಂದು ಇಂಗ್ಲಿಷಿನಲ್ಲಿ ಬಂತಂತೆ. ಇಬ್ಬರೂ ಚಪ್ಪಾಳೆ ಹೊಡೆದೆವು. ಒಂದು ಗೆರೆ ಎಳೆ ಎಂದು ಹೇಳಿದರು. ಕೆಂಪು ಅಕ್ಷರ ಬಂತು, ಅಂಥದ್ದೊಂದು ಇಲ್ಲವೇ ಇಲ್ಲ ಎಂದು. ಮತ್ತೆ ಹಾಕಿದರು. ಹಾಕಹೋದರೆ, ಆಗಲೇ ಇದೆಯಲ್ಲ ಎನ್ನುತ್ತದೆ. ಬರೆ ಎಂದರೆ ಇಲ್ಲ ಎನ್ನುತ್ತದೆ.

"ಇದಕ್ಕೇನ್ ಮಿಸ್, ಹಿಡ್ದಿರೋದು?" ಎಂದೆ. ನಿಂಬೆಹಣ್ಣು ನಿವಾಳಿಸೋಣವೇ ಎಂದೂ ಕೇಳಿದೆ, ನಗಬೇಡಿ.

ಮಿಸ್ ಕೆಂಪು ಅಕ್ಷರಗಳನ್ನು ಜೋರಾಗಿ ಓದಿದರು, ತಲೆಯಿಂದ ಪೆನ್ನು ತೆಗೆದು ಹಲ್ಲಿಗೆ ಬಡಿದುಕೊಂಡರು, ಏನೇನೋ ಒತ್ತಿ ನೋಡಿದರು. ಇದ್ದಕ್ಕಿದ್ದ ಹಾಗೆ ಹಣೆ ಚಚ್ಚಿಕೊಂಡು ನಗತೊಡಗಿದರು. ನಾನೂ ನಕ್ಕೆ, ಯಾಕೆಂದು ಗೊತ್ತಿಲ್ಲದೆ.

"ಸಾಕಮ್ನೋರೆ, ನಿಮ್ಮ ಮನೆ ಪಾಲಾದ ಹೊಸದರಲ್ಲಿ ಏನಾಯ್ತಿತ್ತು, ಹೇಳಿ."

ನಿಮ್ಮ ತಾತನೂ ಅವರ ಅಣ್ಣನೂ ಪಾಲಾದಾಗ ಮನೆ ಒಂದೇ, ಬಾಗಿಲು ಒಂದೇ, ಒಲೆ ಮಾತ್ರ ಎರಡು. ಯಾರಾದರೂ ನಮಗೆಂದು ತಂದ ಅವರೇಕಾಯಿಯ ಮೂಟೆಯನ್ನು ಬಾಗಿಲಲ್ಲಿ ಕೊಟ್ಟು ಹೋದರೆ ಅದು ನೇರವಾಗಿ ನಮ್ಮ ಅಕ್ಕನ, ಅಂದರೆ ಅಣ್ಣನ ಹೆಂಡತಿಯ, ಒಲೆಯ ಮುಂದೆ ಹೋಗಿ ಬೀಳುತ್ತಿತ್ತು. ನಾನು ನಾಚಿಕೊಂಡು ಕೇಳುತ್ತಿರಲಿಲ್ಲ. ಅದನ್ನು ಮಿಸ್‌ಗೆ ಹೇಳಿದ್ದವಳು ನಾನೇ.

"ಇಲ್ಲೂ ಅದೇ! ನಾನು ಮೊದಲು ಹಾಕಿದ್ದು ಒಂದು ಪೈಥಾನು. ಕಂಪ್ಯೂಟ್ರು ಕೆಟ್ಟಾಗ ಬಂದಿದ್ದ ರಿಪೇರಿಯವನು ಆಮೇಲೆ ಇನ್ನೊಂದು ಹಾಕವ್ನೆ. ಒಂದೇ ಮನೆ, ಎರಡು ಒಲೆ. ಅವರೇಕಾಯಿ ಅಕ್ಕನ ಒಲೆಗೋಯ್ತು, ನಾನು ತಂಗಿಯ ಒಲೆ ಮುಂದೆ ಕೂತ್ಕಂಡು ಇಲ್ಲ ಇಲ್ಲ ಅಂತಿವ್ನಿ!"

"ಹಂಗಾದ್ರೆ ಒಂದು ಒಲೆ ಕಿತ್ತಾಕಿ" ಎಂದೆ. ಪಾಲಾದ ಕಾಲದ ಸಿಟ್ಟು ಇನ್ನೂ ಇತ್ತೇನೋ.

"ಅಯ್ಯೋ, ಬ್ಯಾಡಿ! ಹಳೇದ್ರ ಮೇಲೆ ಮಕ್ಕಳ ಪಾಠ ಎಲ್ಲ ಕುದೀತಾ ಅವೆ. ಯಾವುದ್ನೂ ಕೀಳೋದ್ ಬೇಕಿಲ್ಲ. ಬಾಗಿಲಲ್ಲಿ ನಿಂತು ಸುಮ್ನೆ 'ಅಮ್ಮಾ' ಅನ್ನೋ ಬದಲು, ಯಾರ ಒಲೆಗೆ ಅಂತ ಹೆಸರು ಹಿಡಿದು ಕೂಗಿದ್ರೆ ಸಾಕು."

ಹೆಸರು ಹಿಡಿದು ಕೂಗಿದರು. ಹುಳ ಮತ್ತೆ ತೆವಳಿತು. ಗೆರೆ ಎಳೆ ಎಂದರು, ಎಳೆಯಿತು. ವೃತ್ತ ಬರೆ ಎಂದರು.

ಪರದೆಯ ನಡುವೆ ದುಂಡಗೆ, ಎಲ್ಲೂ ಅಳುಕದೆ ಒಂದು ವೃತ್ತ ಬಂದು ಕೂತಿತು. ಮಿಸ್ ಅದನ್ನೇ ನೋಡಿದರು. "ಬಂತು ಕಣ್ರೀ" ಎಂದರು. ನಾನು ಸಂಡಿಗೆಯ ಕಡೆ ತಿರುಗಿಕೊಂಡು ಕಾಗೆ ಓಡಿಸಿದೆ. ಕಾಗೆ ಇರಲಿಲ್ಲ.

ಆಮೇಲೆ ಒಂದು ವಾರ ನನ್ನ ಕೈ ನನ್ನದಾಗಿರಲಿಲ್ಲ. ಮಧ್ಯಾಹ್ನವಾದರೆ ಮಿಸ್‌ರ ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟು ಕೂರಬೇಕು. ಅವರು ಸ್ಕೇಲಿಟ್ಟು ಚುಕ್ಕಿ ಚುಕ್ಕಿ ಅಳೆಯುವರು. ನನಗೋ ಕಚಗುಳಿ. "ಅಲ್ಲಾಡಿದ್ರೆ ತೊಟ್ಟಿಲು ಸೊಟ್ಟ ಆಯ್ತದೆ" ಎಂದು ಗದರುವರು, ನಾನು ಇನ್ನಷ್ಟು ನಗುವೆ. ನಿಮ್ಮ ತಾತ ಹೋದ ಮೇಲೆ ನಾನು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಆ ವಾರವೇ. ಚಕ್ಕುಲಿಯ ಕೊನೆಯ ಸುತ್ತು ನನ್ನ ಕೈಯಲ್ಲಿ ಅಳಿಸಿಹೋಗಿತ್ತು. ಎಷ್ಟು ಸುತ್ತಿರಬೇಕು ಎಂದು ತಿಳಿಯಲು ಒಳಗೆ ಹೋಗಿ ಚಕ್ಕುಲಿ ಒರಳಲ್ಲಿ ಒಂದು ಒಬ್ಬೆ ಒತ್ತಿ, ಕರಿದು, ತಿಂದೆವು. ಸುತ್ತು ಎಣಿಸುವ ಮೊದಲೇ ತಿಂದದ್ದರಿಂದ ಮತ್ತೊಂದು ಒಬ್ಬೆ ಕರಿಯಬೇಕಾಯಿತು.

ಎಲ್ಲ ಬರೆದು ಮುಗಿಸಿ "ತೋರ್ಸು" ಎಂದು ಒತ್ತಿದರು. ಬಂತು. ತಲೆಕೆಳಗಾಗಿ ಬಂತು! ತೊಟ್ಟಿಲು ಬೋರಲು, ಹಗ್ಗ ಕೆಳಗೆ, ಚಕ್ಕುಲಿ ಆಕಾಶದಲ್ಲಿ.

"ಅಯ್ಯೋ ಮಿಸ್, ಕೂಸು ಬಿದ್ದೋಯ್ತಲ್ಲ!"

ಅವರು ಕುರ್ಚಿಯಿಂದ ಜಾರುವ ಹಾಗೆ ನಕ್ಕರು. ಅಷ್ಟು ವರ್ಷ ಗ್ರಾಫ್ ಹಾಳೆಯಲ್ಲಿ ಮಕ್ಕಳಿಗೆ, ಸಂಖ್ಯೆ ಹೆಚ್ಚಿದರೆ ಮೇಲಕ್ಕೆ ಹೋಗಬೇಕು ಎಂದು ಹೇಳಿಕೊಟ್ಟವರು ಅವರು. ಈ ಲೈಬ್ರರಿಯಲ್ಲಿ ಎಣಿಕೆ ಮೇಲಿನಿಂದ ಶುರುವಂತೆ. "ಬಾವಿಗೆ ಹಗ್ಗ ಬುಟ್ಟಂಗೆ ಕಣ್ರೀ. ಹೆಚ್ಚು ಬುಟ್ಟಷ್ಟೂ ಕೆಳಕ್ಕೆ. ನಾನು ಬಾವಿಯೊಳಗೆ ಮಹಡಿ ಕಟ್ಟೋಕೋದೆ!" ಒಂದು ಸಾಲು ತಿದ್ದಿದರು. ತೊಟ್ಟಿಲು ನೆಟ್ಟಗಾಯಿತು. ಪಿರಿಯಾಪಟ್ಟಣಕ್ಕೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿದೆವು.

ಮತ್ತೆ ಹುಣಸೂರು, ಮತ್ತೆ ಕುತ್ತಿಗೆಯ ಹುಲಿ. ಅವನು ಹಾಳೆಯಿಂದ ಅಚ್ಚು ಮಾಡಿಕೊಂಡು ಮಿಸ್‌ರ ಎಡಗೈಯ ಒಳಮೈಮೇಲೆ, ಅವರಿಗೆ ನೆಟ್ಟಗೆ ಕಾಣುವ ಹಾಗೆ ಹಿಡಿದ. ನನ್ನ ಕೈಯಲ್ಲಿ ಇರುವುದೂ ಹಾಗೆಯೇ. ಮಿಸ್ "ತಡಿಯಪ್ಪ" ಎಂದರು. ಕೈಯನ್ನು ಮಡಿಲಿಗೆ ತಂದು ನೋಡಿದರು, ಮುಂದಕ್ಕೆ ಚಾಚಿ ನೋಡಿದರು.

"ತಿರುಗ್ಸಿ ಇಡು."

"ತಿರುಗಿಸಿದ್ರೆ ನಿಮಗೆ ಉಲ್ಟಾ ಕಾಣ್ತದಜ್ಜಿ."

"ನಂಗ್ಯಾಕೆ ಕಾಣ್ಬೇಕು?" ಎಂದರು ಮಿಸ್. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ನಮ್ಮವ್ವನ ಕೈಲಿ ನಾನು ತೊಟ್ಟಿಲು ನೋಡಿದ್ದು ಅವಳ ತೊಡೆ ಮೇಲೆ ಕೂತ್ಕಂಡು, ಸಾಕಮ್ನೋರೆ. ಅವಳಿಗೆ ಎಂಗೆ ಕಾಣ್ತಿತ್ತೋ ನಂಗೂ ಅಂಗೆ. ಈಗ ನಾನು ಅವಳ ಹತ್ರ ಹೋಗೋದು ಎದುರಿಂದ ಅಲ್ವಾ?"

ಹುಲಿಯವನು ಅಚ್ಚನ್ನು ತಿರುಗಿಸಿ ಇಟ್ಟ. ಸೂಜಿ ಗುಂಯ್ ಎಂದಾಗ ಮಿಸ್ ನನ್ನ ಕೈ ಹಿಚುಕಿದ ಹಿಚುಕು! "ಅವ್ವಾ, ಅವ್ವಾ" ಎಂದು ಅಂಗಡಿಯೆಲ್ಲ ಕೇಳುವ ಹಾಗೆ ಕಿರುಚುತ್ತ, ನಡುನಡುವೆ ನಗುತ್ತ, "ಇಲ್ಲಿ ಹುಣಸೇಮರ ಇದ್ರೆ ಹತ್ತುಬುಡ್ತಿದ್ದೆ" ಎಂದರು. ನಾನು ಎಲ್ಲರೆದುರಿಗೆ, ಹಚ್ಚೆಯವಳು ಹೇಳುತ್ತಿದ್ದ ಹಾಡನ್ನು ನೆನಪಿದ್ದಷ್ಟು ಹೇಳಿದೆ. ಆ ಧೈರ್ಯ ಎಲ್ಲಿಂದ ಬಂತೋ ತಿಳಿಯದು.

ಬಾಳಿದಷ್ಟು ದಿನವೂ ಅವರು ಸಿಕ್ಕಸಿಕ್ಕವರ ಎದುರಿಗೆ ಕೈ ಚಾಚಿ "ನೆಟ್ಟಗದೆಯಾ?" ಎಂದು ಕೇಳುತ್ತಿದ್ದರು. ಹಾಲಿನವನು, ಕಂಡಕ್ಟರು, ಮಕ್ಕಳು, ಎಲ್ಲರೂ "ನೆಟ್ಟಗದೆ ಮಿಸ್" ಎನ್ನಬೇಕು. ಅವರಿಗೆ ಮಾತ್ರ ಅದು ಕೊನೆಯವರೆಗೂ ಬೋರಲು ತೊಟ್ಟಿಲೇ. ಅದನ್ನು ನೋಡಿಕೊಂಡು ಒಬ್ಬರೇ ನಗುವುದನ್ನು ನಾನು ಗೋಡೆಯ ಮೇಲಿಂದ ಎಷ್ಟೋ ಸಲ ಕಂಡಿದ್ದೇನೆ.

ಒಂದು ಬೆಳಿಗ್ಗೆ ಹಾಲಿನವನು ಕೂಗಿದರೂ ಅವರು ಏಳಲಿಲ್ಲ. ಮೈ ತೊಳೆದು ಸೀರೆ ಉಡಿಸಿದ ಹೆಂಗಸರಲ್ಲಿ ನಾನೂ ಇದ್ದೆ. ಎಡಗೈಯನ್ನು ಒಳಮೈ ಮೇಲಾಗಿ ಇಟ್ಟು, ಸೆರಗು ಅದರ ಮೇಲೆ ಬೀಳದ ಹಾಗೆ ಸಿಕ್ಕಿಸಿದೆ. ತಲೆಯ ಕಡೆ ಕೂತಿದ್ದ ರಾಜಮ್ಮ ಅಳುತ್ತಲೇ, "ಅಯ್ಯೋ, ಅದ್ಯಾಕೆ ತೊಟ್ಟಿಲು ತಲೆಕೆಳಗು ಹಾಕವ್ರೆ, ಅಪಶಕುನ" ಎಂದಳು. ಮನೆ ತುಂಬ ಜನ. ಅಷ್ಟು ಜನರೆದುರು ನಾನು ಎಂದೂ ಬಾಯಿ ತೆರೆದವಳಲ್ಲ.

"ತಲೆಕೆಳಗಲ್ಲ ಕಣವ್ವ" ಎಂದೆ. "ನೀನು ಎದ್ದು ಈ ಕಡೆ ಬಾ. ಎದುರು ನಿಂತು ನೋಡು."

ರಾಜಮ್ಮ ಎದ್ದು ಕಾಲ ಕಡೆಗೆ ಬಂದು ನಿಂತಳು. ನೋಡಿದಳು. "ನೆಟ್ಟಗದೆ" ಎಂದಳು.

ಈ ಹಾಳೆಗಳನ್ನು ಫ್ರಿಜ್ಜಿನ ಮೇಲೆ ಬಿಸಾಡಬೇಡಿ ಮಕ್ಕಳಾ, ನಿಮ್ಮ ಬಟ್ಟೆಯ ಬೀರುವಿನಲ್ಲಿ ಮಡಿಸಿಡಿ, ವರ್ಷಕ್ಕೊಮ್ಮೆ ತೆಗೆದು ಬಿಸಿಲು ತೋರಿಸಿ.